ಬೀಳೋಕಂತಲೇ ಹುಟ್ಟಿದ ಯಂತ್ರ: ನಿಂತು ಓಡಿಸೋ ಜೆಟ್ ಸ್ಕೀ ಲಾಗ ಹಾಕೋದು ಕಲಿತ ಕಥೆ

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಯಂತ್ರ ಇದೆ, ಅದರ ಮೇಲಿಂದ ಬೀಳ್ತಾನೇ ಇದ್ದ ಒಂದಷ್ಟು ಜನ ಇದ್ದಾರೆ.

ಜೆಟ್ ಸ್ಕೀ ಅಂದ ತಕ್ಷಣ ನಮಗೆ ನೆನಪಾಗೋದು ಮಲ್ಪೆ, ಮುರ್ಡೇಶ್ವರ, ಇಲ್ಲಾ ಗೋವಾ. ಲೈಫ್ ಜಾಕೆಟ್ ಕಟ್ಟಿಸ್ತಾರೆ, ಜೊತೆಗೆ ಒಬ್ಬ ಹುಡುಗ ಕೂರ್ತಾನೆ, ಒಂದು ಸುತ್ತು ಹೊಡೆಸಿ ವಾಪಸ್ ದಡಕ್ಕೆ ತಂದುಬಿಡ್ತಾನೆ. ಇಳಿಯೋಷ್ಟರಲ್ಲಿ ಫ್ರೆಂಡ್ ವಿಡಿಯೋ ತೆಗೆದಿರ್ತಾನೆ. ಅದು ಸೀಟ್ ಇರೋ ಜೆಟ್ ಸ್ಕೀ, ನೀರಿನ ಮೇಲಿನ ಸ್ಕೂಟರ್ ಅಂದ್ಕೊಳ್ಳಿ.

ಆದರೆ ಜೆಟ್ ಸ್ಕೀ ಅನ್ನೋ ಹೆಸರಲ್ಲಿ ಮೊದಲು ಮಾರಾಟಕ್ಕೆ ಬಂದ ಯಂತ್ರಕ್ಕೆ ಸೀಟೇ ಇರಲಿಲ್ಲ. ಹಿಂದೆ ಒಂದು ಚಿಕ್ಕ ತಟ್ಟೆಯಂಥ ಜಾಗ, ಅಲ್ಲಿ ನಿಲ್ಲಬೇಕು. ಮುಂದಿನಿಂದ ಒಂದು ಉದ್ದದ ಕೋಲು ಬರುತ್ತೆ, ಅದರ ತುದಿಯಲ್ಲಿ ಹ್ಯಾಂಡಲ್. ಆ ಕೋಲು ಕೀಲಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡುತ್ತೆ. ಇವತ್ತಿಗೂ ಕೆಲವರು ಅದನ್ನೇ ಓಡಿಸ್ತಾರೆ. ಅಲೆಯೇ ಇಲ್ಲದ ಕೆರೆಯಂಥ ನೀರಲ್ಲಿ ಯಂತ್ರದ ಮೂತಿಯನ್ನ ಒಮ್ಮೆ ಕೆಳಗೆ ಒತ್ತಿ, ಮರುಕ್ಷಣ ಯಂತ್ರದ ಸಮೇತ ಗಾಳಿಗೆ ಹಾರಿ, ಹಿಂದಕ್ಕೆ ಲಾಗ ಹಾಕಿ, ಮತ್ತೆ ನೀರಿಗೆ ಬಂದು ನಿಲ್ತಾರೆ. ಸುಮಾರು ನೂರು ಕಿಲೋಗಿಂತ ಭಾರದ ಯಂತ್ರ, ಮೇಲೊಬ್ಬ ಮನುಷ್ಯ, ಏರೋಕೆ ರ‍್ಯಾಂಪೂ ಇಲ್ಲ.

ಇದನ್ನ ಯಾರು ಕಂಡುಹಿಡಿದ್ರು? ಕಂಪನಿಯ ಇಂಜಿನಿಯರ್‌ಗಳಲ್ಲ. ಕಂಪನಿಗಳು ಈ ಯಂತ್ರದ ಕಡೆ ಗಮನ ಕಮ್ಮಿ ಮಾಡಿದ ಮೇಲೇ ಅದು ಲಾಗ ಹಾಕೋದು ಕಲಿತಿದ್ದು. ನಾನು ಓದಿದ್ದು ಬಿ.ಕಾಂ., ಹಾಗಾಗಿ ನನಗೆ ಲಾಗದಷ್ಟೇ ಇದರ ಹಿಂದಿನ ವ್ಯಾಪಾರದ ಲೆಕ್ಕವೂ ಇಷ್ಟ. ಎರಡನ್ನೂ ಸೇರಿಸಿ ಹೇಳ್ತೀನಿ, ಕೇಳಿ.

ಮಣ್ಣಿನ ಮೇಲೆ ಬಿದ್ದು ಬೇಸತ್ತವನು

1960ರ ದಶಕ, ಅಮೆರಿಕದ ನೈಋತ್ಯದ ಮರುಭೂಮಿ ಪ್ರದೇಶ. ಕ್ಲೇಟನ್ ಜೇಕಬ್‌ಸನ್ ಅಂತ ಒಬ್ಬರು. ಬ್ಯಾಂಕ್ ಕೆಲಸ ಮಾಡಿದವರು, ಜೊತೆಗೆ ಮೋಟೋಕ್ರಾಸ್ ಹುಚ್ಚು. ಮೋಟೋಕ್ರಾಸ್ ಅಂದ್ರೆ ಗೊತ್ತಲ್ವಾ, ಮಣ್ಣಿನ ದಿಬ್ಬಗಳ ಮೇಲೆ ಬೈಕ್ ಹಾರಿಸೋ ರೇಸು. ಹಾರಿಸೋವಾಗ ಮಜಾ ಇರುತ್ತೆ, ಬಿದ್ದಾಗ ಮಾತ್ರ ಕೆಳಗೆ ಗಟ್ಟಿ ನೆಲ, ಕಲ್ಲು. ಮೈಕೈ ಕೆತ್ತಿಕೊಂಡು ಬೇಸತ್ತ ಜೇಕಬ್‌ಸನ್ ತಲೆಗೆ ಬಂದ ಯೋಚನೆ ತುಂಬ ಸರಳ: ಇದೇ ಬೈಕನ್ನ ನೀರಿನ ಮೇಲೆ ಓಡಿಸೋ ಹಾಗಿದ್ರೆ? ಬಿದ್ರೂ ನೀರಿಗೆ ತಾನೇ ಬೀಳೋದು!

ಈ ಮಾತನ್ನ ನೆನಪಲ್ಲಿ ಇಟ್ಕೊಳ್ಳಿ. ಬೀಳೋದು ಹೇಗೂ ತಪ್ಪಲ್ಲ ಅಂತ ಒಪ್ಕೊಂಡು, ಎಲ್ಲಿ ಬೀಳಬೇಕು ಅಂತ ಯೋಚಿಸಿ ಮಾಡಿದ ಯಂತ್ರ ಇದು.

ಜೇಕಬ್‌ಸನ್ 1960ರ ದಶಕದ ಮಧ್ಯದಲ್ಲಿ ಕೈಯಾರೆ ಮಾದರಿಗಳನ್ನ ಮಾಡಿದ್ರು. ಮೊದಲು ಬಳಸಿದ್ದು ದೋಣಿಗಳ ಹಿಂದೆ ಹೊರಗೆ ತೂಗುಹಾಕೋ ಇಂಜಿನ್. ಆಮೇಲೆ ಇಂಜಿನ್ ಒಳಗೆ ಹೋಯ್ತು, ಹೊರಗೆ ತಿರುಗೋ ರೆಕ್ಕೆಯ ಜಾಗಕ್ಕೆ ಜೆಟ್ ಪಂಪ್ ಬಂತು. ಕೆಳಗಿಂದ ನೀರು ಹೀರಿಕೊಂಡು ಹಿಂದಿನ ಕಿರಿದಾದ ಕೊಳವೆಯಿಂದ ಜೋರಾಗಿ ಉಗುಳೋ ಪಂಪ್ ಅದು. ಈ ಬದಲಾವಣೆ ಸಣ್ಣದೇನಲ್ಲ. ಹೊರಗೆ ರೆಕ್ಕೆ ತಿರುಗ್ತಿದ್ರೆ, ಬಿದ್ದವನ ಕಾಲು ಉಳಿಯೋದು ಕಷ್ಟ. ಬೀಳೋಕಂತಲೇ ಮಾಡಿದ ಯಂತ್ರದಲ್ಲಿ ಅದು ನಡೆಯಲ್ಲ.

ಲೈಸೆನ್ಸ್ ಎರಡು, ದಾರಿ ಎರಡು

ಈಗ ವ್ಯಾಪಾರದ ಭಾಗ. ಜೇಕಬ್‌ಸನ್ ಮೊದಲು ಕೈಜೋಡಿಸಿದ್ದು ಕೆನಡಾದ ಬೊಂಬಾರ್ಡಿಯೇ ಜೊತೆ. ಹಿಮದ ಮೇಲೆ ಓಡೋ ಸ್ಕೀ-ಡೂ ಗಾಡಿಗೆ ಹೆಸರಾದ ಕಂಪನಿ. ಅವರು 1968ರಲ್ಲಿ ಸೀ-ಡೂ ಅನ್ನೋ ಹೆಸರಲ್ಲಿ ಕೂತು ಓಡಿಸೋ ಮಾದರಿ ತಂದ್ರು. ಅದು ಓಡಲಿಲ್ಲ. ಮಾರುಕಟ್ಟೆಯಲ್ಲಿ ಓಡಲಿಲ್ಲ ಅಂತ. ಕೆಲವೇ ವರ್ಷಕ್ಕೆ ಕೈಬಿಟ್ರು.

ಆಗ ಬಂದಿದ್ದು ಜಪಾನಿನ ಕವಾಸಾಕಿ. 1973ರಲ್ಲಿ ಅವರು ಬಿಟ್ಟಿದ್ದು ನಿಂತು ಓಡಿಸೋ ಯಂತ್ರ, ಇಟ್ಟ ಹೆಸರು ಜೆಟ್ ಸ್ಕೀ. ಹೌದು, ಜೆಟ್ ಸ್ಕೀ ಅನ್ನೋದು ಕವಾಸಾಕಿಯ ಟ್ರೇಡ್‌ಮಾರ್ಕ್. ನಾವು ಎಲ್ಲ ಫೋಟೋಕಾಪಿಗೂ ಜೆರಾಕ್ಸ್ ಅಂತೀವಲ್ಲ, ಹಾಗೇ ಇಲ್ಲೂ ಒಂದು ಕಂಪನಿಯ ಹೆಸರು ಎಲ್ಲರದ್ದೂ ಆಯ್ತು. ಮುಂದೆ ಜೇಕಬ್‌ಸನ್‌ಗೂ ಕವಾಸಾಕಿಗೂ ಜಗಳ ಕೋರ್ಟ್ ಮೆಟ್ಟಿಲೇರಿತು, ಅದೇ ಒಂದು ಬೇರೆ ಸಂಚಿಕೆಗೆ ಆಗುವಷ್ಟಿದೆ.

ಆ ಹಳೆಯ ಕವಾಸಾಕಿಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಗುಣ ಇತ್ತು. ಸವಾರ ಬಿದ್ದ ತಕ್ಷಣ ಇಂಜಿನ್ ನಿಧಾನಕ್ಕಿಳಿದು, ಯಂತ್ರ ತಾನಾಗೇ ಸುತ್ತು ಹಾಕ್ತಾ ಬಿದ್ದವನ ಹತ್ರಕ್ಕೆ ವಾಪಸ್ ಬರ್ತಿತ್ತು. ಮೇಯೋಕೆ ಬಿಟ್ಟ ಹಸು ಮನೆಗೆ ಬಂದ ಹಾಗೆ. ಸವಾರ ಬಿದ್ದೇ ಬೀಳ್ತಾನೆ ಅಂತ ಲೆಕ್ಕ ಹಾಕಿಯೇ ಮಾಡಿದ್ದು. ಆಮೇಲಿನ ಯಂತ್ರಗಳಲ್ಲಿ ಮಣಿಕಟ್ಟಿಗೆ ಒಂದು ಹಗ್ಗ ಕಟ್ಟೋದು ರೂಢಿ ಆಯ್ತು. ಬಿದ್ರೆ ಹಗ್ಗ ಕಿತ್ತು ಬಂದು ಇಂಜಿನ್ ಅಲ್ಲೇ ಆಫ್.

ಮರುಭೂಮಿಯ ಕೆರೆ, ಅದರ ಪಕ್ಕ ಲಂಡನ್ ಸೇತುವೆ

ಈ ಆಟಕ್ಕೆ ಒಂದು ಊರು ಬೇಕಲ್ಲ? ಅದು ಅರಿಜೋನಾದ ಲೇಕ್ ಹವಾಸು. ಕೊಲರಾಡೋ ನದಿಗೆ 1938ರಲ್ಲಿ ಮುಗಿದ ಪಾರ್ಕರ್ ಅಣೆಕಟ್ಟಿನ ಹಿಂದೆ ನಿಂತ ನೀರು. ಸುತ್ತ ಬೋಳು ಗುಡ್ಡ, ಮಧ್ಯದಲ್ಲಿ ನೀಲಿ ನೀರು. ಅಲ್ಲಿ ಊರು ಕಟ್ಟಿದ್ದು ರಾಬರ್ಟ್ ಮೆಕಲಕ್ ಅನ್ನೋ ಉದ್ಯಮಿ. ಅವರು ಮರ ಕೊಯ್ಯೋ ಚೈನ್ ಸಾ ಮತ್ತು ದೋಣಿ ಇಂಜಿನ್ ಮಾಡ್ತಿದ್ದವರು, ಇಂಜಿನ್ ಪರೀಕ್ಷೆ ಮಾಡೋಕೆ ಜಾಗ ಹುಡುಕ್ತಾ ಈ ಕೆರೆಗೆ ಬಂದ್ರು. ಜನರನ್ನ ಊರಿಗೆ ಸೆಳೆಯೋಕೆ 1968ರಲ್ಲಿ ಲಂಡನ್ನಿನ ಹಳೇ ಲಂಡನ್ ಬ್ರಿಡ್ಜನ್ನೇ ಸುಮಾರು 24.6 ಲಕ್ಷ ಡಾಲರ್‌ಗೆ ಕೊಂಡು, ಕಲ್ಲು ಕಲ್ಲು ಬಿಚ್ಚಿಸಿ ತರಿಸಿ, ಇಲ್ಲಿ ಮತ್ತೆ ಜೋಡಿಸಿದ್ರು. 1971ರಲ್ಲಿ ಉದ್ಘಾಟನೆ. ಮಾರ್ಕೆಟಿಂಗ್ ಅಂದ್ರೆ ಇದು ನೋಡಿ.

1982ರಲ್ಲಿ ಅಂತರರಾಷ್ಟ್ರೀಯ ಜೆಟ್ ಸ್ಪೋರ್ಟ್ಸ್ ಬೋಟಿಂಗ್ ಸಂಘ ಹುಟ್ಟಿತು. ಮುಂದೆ ದಶಕಗಳ ಕಾಲ ಇದರ ವಿಶ್ವ ಫೈನಲ್ಸ್ ನಡೆದಿದ್ದು ಇದೇ ಕೆರೆಯಲ್ಲಿ. ರೇಸ್ ಜೊತೆಗೆ ಫ್ರೀಸ್ಟೈಲ್ ಅನ್ನೋ ವಿಭಾಗವೂ ಇತ್ತು. ಕೆಲವೇ ನಿಮಿಷ ಸಿಗುತ್ತೆ, ತೀರ್ಪುಗಾರರ ಮುಂದೆ ಕಸರತ್ತು ತೋರಿಸಿ ಅಂಕ ಗಳಿಸಬೇಕು.

ಆ ಕಾಲದ ಕಸರತ್ತು ಏನು? ನಿಂತಲ್ಲೇ ಗಿರಗಿಟ್ಟಲೆ ತಿರುಗೋದು. ಮೂತಿ ಒತ್ತಿ ಯಂತ್ರದ ಸಮೇತ ಜಲಾಂತರ್ಗಾಮಿ ಥರ ಮುಳುಗಿ ಮುಂದೆ ಎಲ್ಲೋ ಏಳೋದು. ಹಿಂಭಾಗವನ್ನ ನೀರಲ್ಲಿಟ್ಟು ಯಂತ್ರವನ್ನ ನೆಟ್ಟಗೆ ನಿಲ್ಲಿಸೋದು. ನೋಡೋಕೆ ಸೊಗಸು, ಆದರೆ ಎಲ್ಲ ನೀರಿಗೆ ಅಂಟಿಕೊಂಡ ಆಟಗಳೇ. ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ಹಾಕೋ ಶಕ್ತಿ ಅಂಗಡಿಯಿಂದ ತಂದ ಯಂತ್ರಕ್ಕೆ ಇರಲಿಲ್ಲ.

ಆ ಪೀಳಿಗೆಯ ದೊಡ್ಡ ಹೆಸರು ಲ್ಯಾರಿ ರಿಪನ್‌ಕ್ರೋಗರ್. ವಿಶ್ವ ಚಾಂಪಿಯನ್, ಆಮೇಲೆ ಹಾಲಿವುಡ್ ಸ್ಟಂಟ್‌ಮ್ಯಾನ್. 2007ರಲ್ಲಿ ಬಂದ ನಾಲ್ಕನೇ ಡೈ ಹಾರ್ಡ್ ಸಿನಿಮಾದ ಶೂಟಿಂಗಲ್ಲಿ ಬ್ರೂಸ್ ವಿಲ್ಲಿಸ್‌ಗೆ ಡ್ಯೂಪ್ ಆಗಿದ್ದಾಗ ಎತ್ತರದಿಂದ ರಸ್ತೆಗೆ ಬಿದ್ದು ತೀವ್ರವಾಗಿ ಗಾಯಗೊಂಡ್ರು. ವರ್ಷಗಟ್ಟಲೆ ನೀರಿಗೆ ಬಿದ್ದು ಎದ್ದವರು ಅವರು. ನೆಲಕ್ಕೂ ನೀರಿಗೂ ಇರೋ ವ್ಯತ್ಯಾಸವನ್ನ ಅವರಿಗಿಂತ ಚೆನ್ನಾಗಿ ಬಲ್ಲವರು ಕಮ್ಮಿ.

ಸೀಟ್ ಬಂತು, ಮಾರುಕಟ್ಟೆ ಹೋಯ್ತು

1980ರ ದಶಕದ ಕೊನೆಯಲ್ಲಿ ಎಲ್ಲ ಬದಲಾಯ್ತು. ಯಮಹಾ ವೇವ್‌ರನ್ನರ್ ತಂತು. ಒಂದಲ್ಲ, ಎರಡು ಜನ ಕೂರಬಹುದು. 1988ರಲ್ಲಿ ಬೊಂಬಾರ್ಡಿಯೇ ತನ್ನ ಹಳೇ ಸೀ-ಡೂ ಹೆಸರನ್ನ ಎಬ್ಬಿಸಿ ಮತ್ತೆ ಸೀಟ್ ಇರೋ ಯಂತ್ರ ತಂತು. ಈ ಸಲ ಭರ್ಜರಿಯಾಗಿ ಓಡ್ತು.

ಕಾರಣ ಹುಡುಕೋಕೆ ಎಂಬಿಎ ಬೇಡ. ನಿಂತು ಓಡಿಸೋ ಯಂತ್ರದ ಮೇಲೆ ನಿಲ್ಲೋದೇ ಮೊದಲ ದಿನದ ಪರೀಕ್ಷೆ. ವೇಗ ಇಲ್ಲದಾಗ ಅದು ನಿಮ್ಮ ತೂಕ ಹೊತ್ಕೊಂಡು ಸ್ಥಿರವಾಗಿ ನಿಲ್ಲಲ್ಲ, ಓಲಾಡುತ್ತೆ. ಹಾಗಾಗಿ ಮೊದಲು ಹೊಟ್ಟೆಯ ಮೇಲೆ ಎಳೆದುಕೊಂಡು ಹತ್ತಬೇಕು, ವೇಗ ಬಂದ ಮೇಲೆ ಮೊಣಕಾಲು, ಆಮೇಲೆ ಪಾದ. ಸೀಟ್ ಇರೋದಕ್ಕೆ ಕೂತ್ರೆ ಸಾಕು. ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಹೋಗಬಹುದು, ಬೀಚಲ್ಲಿ ಬಾಡಿಗೆಗೆ ಬಿಡಬಹುದು. ಕಲಿಯೋಕೆ ವಾರ ಬೇಕಾಗೋ ಸರಕಿಗೂ ಐದು ನಿಮಿಷ ಸಾಕಾಗೋ ಸರಕಿಗೂ ಪೈಪೋಟಿ ಆದ್ರೆ ಯಾವುದು ಗೆಲ್ಲುತ್ತೆ ಹೇಳಿ?

ಮಲ್ಪೆಯಲ್ಲಿ ನಮಗೆ ಸೀಟ್ ಇರೋದೇ ಸಿಗೋದಕ್ಕೂ ಕಾರಣ ಇದೇ.

ನಿಂತು ಓಡಿಸೋ ಯಂತ್ರ ಪೂರ್ತಿ ಸಾಯಲಿಲ್ಲ. ಯಮಹಾ 1990ರಲ್ಲಿ ಸೂಪರ್‌ಜೆಟ್ ತಂತು. ಮುಂದೆ ಅದರಲ್ಲಿ 701 ಸಿಸಿಯ ಟೂ-ಸ್ಟ್ರೋಕ್ ಇಂಜಿನ್ ಬಂತು. 1996ರಲ್ಲಿ, ಮತ್ತೆ 2008ರಲ್ಲಿ ಒಡಲಿನ ಆಕಾರ ಬದಲಾಯ್ತು. ಮೂರು ದಶಕದ ಹತ್ತಿರ ಮಾರಾಟ ಆದ ಯಂತ್ರಕ್ಕೆ ಇಷ್ಟೇ ದೊಡ್ಡ ಬದಲಾವಣೆ. ಅಮೆರಿಕದಲ್ಲಿ 1990ರ ದಶಕದ ಕೊನೆಯಿಂದ ಹೊಗೆ ನಿಯಮ ಬಿಗಿಯಾಗ್ತಾ ಹೋದ ಹಾಗೆ ಟೂ-ಸ್ಟ್ರೋಕ್‌ಗಳ ಕಾಲ ಮುಗೀತಾ ಬಂತು. ಕವಾಸಾಕಿ ತನ್ನ 800 ಸಿಸಿಯ ಮಾದರಿಯನ್ನ 2011ರ ನಂತರ ನಿಲ್ಲಿಸಿತು. ಜೆಟ್ ಸ್ಕೀಗೆ ಹೆಸರಿಟ್ಟ ಕಂಪನಿಯೇ ಕೆಲವು ವರ್ಷ ನಿಂತು ಓಡಿಸೋ ಜೆಟ್ ಸ್ಕೀ ಮಾಡಲಿಲ್ಲ.

ಲೆಕ್ಕದ ಪುಸ್ತಕದಲ್ಲಿ ನೋಡಿದ್ರೆ ಕಥೆ ಇಲ್ಲಿಗೆ ಮುಗೀಬೇಕಿತ್ತು. ನಡೆದಿದ್ದು ಬೇರೆ.

ಅಲೆಯಿಂದ ಕೆರೆಗೆ

ಲಾಗ ಹಾಕೋಕೆ ಏರು ಬೇಕು. ಸಮುದ್ರದಲ್ಲಿ ಆ ಏರು ಪುಕ್ಕಟೆ ಸಿಗುತ್ತೆ, ಅದೇ ಅಲೆ. ದಡಕ್ಕೆ ಮುರಿಯೋಕೆ ಬರ್ತಿರೋ ಅಲೆಗೆ ಎದುರಾಗಿ ಹೋದ್ರೆ, ಅಲೆಯ ಗೋಡೆಯೇ ಯಂತ್ರದ ಮೂತಿಯನ್ನ ಆಕಾಶಕ್ಕೆ ಎತ್ತುತ್ತೆ. ಆಗ ಒಂದು ಪಕ್ಕಕ್ಕೆ ಮೈ ತಿರುಗಿಸಿದ್ರೆ ಯಂತ್ರ ಪಕ್ಕಕ್ಕೆ ಉರುಳುತ್ತೆ, ಇದು ಬ್ಯಾರಲ್ ರೋಲ್. ಹಿಂದಕ್ಕೆ ಎಳೆದ್ರೆ ಹಿಂದಕ್ಕೆ ಸುತ್ತುತ್ತೆ, ಇದು ಬ್ಯಾಕ್‌ಫ್ಲಿಪ್. ಹೀಗೆ ಅಲೆಗಳ ನಡುವೆ ಆಡೋದಕ್ಕೆ ಫ್ರೀರೈಡ್ ಅಂತ ಹೆಸರು ಬಿತ್ತು, ಅದಕ್ಕೇ ಬೇರೆ ಸ್ಪರ್ಧೆಗಳೂ ಶುರುವಾದ್ವು.

ಆದರೆ ಫ್ರೀಸ್ಟೈಲ್ ನಡೆಯೋದು ಕೆರೆಯಲ್ಲಿ, ಅಲ್ಲಿ ಅಲೆ ಇಲ್ಲ. ಅಲೆ ಇಲ್ಲದ ಕಡೆ ಲಾಗ ಹಾಕೋದು ಹೇಗೆ?

ಇಲ್ಲಿ ಸ್ವಲ್ಪ ಪಿಯುಸಿ ಫಿಸಿಕ್ಸ್. ಒಂದು ಖಾಲಿ ಕೊಡವನ್ನ ನೀರೊಳಗೆ ಒತ್ತಿ ಹಿಡಿದು ಕೈ ಬಿಟ್ರೆ ಏನಾಗುತ್ತೆ? ಪುಟಿದು ಮೇಲೆ ಬರುತ್ತೆ. ಯಂತ್ರದ ಮೂತಿಯೂ ಆ ಕೊಡವೇ. ಸವಾರ ಮೈಭಾರ ಮುಂದೆ ಹಾಕಿ ಮೂತಿಯನ್ನ ನೀರಿಗೆ ಒತ್ತುತ್ತಾನೆ. ಅದು ಪುಟಿಯೋ ಕ್ಷಣಕ್ಕೆ ಸರಿಯಾಗಿ ಮೈಭಾರವನ್ನ ಹಿಂದಕ್ಕೆ ಎಳೆದು ಥ್ರಾಟಲ್ ಪೂರ್ತಿ ಒತ್ತುತ್ತಾನೆ. ಹಿಂದಿನ ಕೊಳವೆಯ ಮೂತಿಯನ್ನ ಮೇಲ್ಮುಖ ಮಾಡೋ ಟ್ರಿಮ್ ಅನ್ನೋ ಸಾಧನ ಇರುತ್ತೆ, ಅದು ಯಂತ್ರದ ಹಿಂಭಾಗವನ್ನ ಕೆಳಗೆ ತಳ್ಳುತ್ತೆ, ಮುಂಭಾಗ ಇನ್ನಷ್ಟು ಏಳುತ್ತೆ. ಈ ಮೂರೂ ಒಂದೇ ಗಳಿಗೆಯಲ್ಲಿ ಆಗಬೇಕು.

ಯಾಕೆ ಒಂದೇ ಗಳಿಗೆ? ಪಂಪ್ ನೀರು ಬಿಟ್ಟು ಮೇಲೆ ಬಂತು ಅಂದ್ರೆ ಹೀರೋಕೆ ನೀರಿಲ್ಲ, ತಳ್ಳೋ ಶಕ್ತಿಯೂ ಇಲ್ಲ. ಹಾಗಾಗಿ ಸುತ್ತೋಕೆ ಬೇಕಾದ ತಿರುಗು ಅಷ್ಟನ್ನೂ ನೀರು ಬಿಡೋ ಮುಂಚೆಯೇ ಸಂಪಾದಿಸಬೇಕು. ಗಾಳಿಯಲ್ಲಿ ಹೊಸದಾಗಿ ಏನೂ ಸಿಗಲ್ಲ. ಕೋಲನ್ನ ಎದೆಗೆ ಎಳೆದು, ಮೊಣಕಾಲು ಮಡಚಿ, ಯಂತ್ರಕ್ಕೆ ಅಂಟಿಕೊಂಡ್ರೆ ಸುತ್ತು ಬೇಗ ಆಗುತ್ತೆ, ಅಷ್ಟೇ. ಪಾದ ಜಾರದ ಹಾಗೆ ತಟ್ಟೆಯಲ್ಲಿ ಪಟ್ಟಿಗಳನ್ನ ಹಾಕಿರ್ತಾರೆ.

ಇನ್ನೊಂದು ಸಮಸ್ಯೆ ಇದೆ. ತಲೆಕೆಳಗಾದ ಇಂಜಿನ್ ಆಫ್ ಆಗಬಾರದಲ್ಲ? ಮಲೆನಾಡಿನ ಕೇಳುಗರು ತೋಟದಲ್ಲಿ ಮರ ಕೊಯ್ಯೋ ಮಷೀನ್ ನೋಡಿರ್ತೀರಿ. ಅಡ್ಡ ಹಿಡಿದ್ರೂ ಓಡುತ್ತೆ, ಓರೆ ಹಿಡಿದ್ರೂ ಓಡುತ್ತೆ. ಯಾಕಂದ್ರೆ ಅದು ಟೂ-ಸ್ಟ್ರೋಕ್, ಆಯಿಲ್ ಪೆಟ್ರೋಲಿನ ಜೊತೆಗೇ ಹೋಗುತ್ತೆ, ಕೆಳಗೆ ಆಯಿಲ್ ತುಂಬಿದ ತೊಟ್ಟಿ ಇಲ್ಲ. ಕಾರ್ಬುರೇಟರಲ್ಲೂ ಪೆಟ್ರೋಲ್ ನಿಲ್ಲೋ ಬಟ್ಟಲಿಲ್ಲ, ತೆಳು ಪೊರೆಯ ಮೇಲೆ ಕೆಲಸ ಮಾಡುತ್ತೆ. ಹಳೇ ಜೆಟ್ ಸ್ಕೀಗಳ ಇಂಜಿನ್ನೂ ಇದೇ ಜಾತಿ. ಚೈನ್ ಸಾ ಉದ್ಯಮಿ ಕಟ್ಟಿದ ಊರಲ್ಲಿ, ಚೈನ್ ಸಾ ಥರದ ಇಂಜಿನ್ ಇದ್ದದ್ದಕ್ಕೇ ತಲೆಕೆಳಗಾಗೋಕೆ ಸಾಧ್ಯವಾದ ಯಂತ್ರ. ಕಾಕತಾಳೀಯ, ಆದರೂ ಚೆಂದ ಅಲ್ವಾ?

ಗ್ಯಾರೇಜ್‌ಗಳ ಕಾಲ

ಈಗ ಲೆಕ್ಕ ನೋಡಿ. 2008ರ ಸೂಪರ್‌ಜೆಟ್ ಸುಮಾರು 139 ಕಿಲೋ, 701 ಸಿಸಿ. ಪಳಗಿದ ಕೈಗಳಿಗೂ ಅದನ್ನ ಹಾಗೇ ಬಳಸಿ ನಿಂತ ನೀರಿಂದ ಎತ್ತೋದು ದೊಡ್ಡ ಸವಾಲು. ತೂಕ ಇಳಿಸಬೇಕು, ಶಕ್ತಿ ಏರಿಸಬೇಕು. ಕಂಪನಿಗಳಿಗೆ ಇದನ್ನ ಮಾಡೋ ಆಸಕ್ತಿ ಇರಲಿಲ್ಲ, ಕೊಳ್ಳೋರು ಕೆಲವೇ ಜನ.

ಹಾಗಾಗಿ ಸವಾರರೇ ಮಾಡ್ಕೊಂಡ್ರು. ಕಾರ್ಬನ್ ಫೈಬರ್‌ನಂಥ ಹಗುರ ವಸ್ತುಗಳಲ್ಲಿ, ಮೂಲಕ್ಕಿಂತ ಗಿಡ್ಡ, ಪುಟಿಯೋಕೆ ಅನುಕೂಲವಾದ ಒಡಲುಗಳನ್ನ ಸಣ್ಣ ಸಣ್ಣ ಕಾರ್ಖಾನೆಗಳು ಎರಕ ಹೊಯ್ಯೋಕೆ ಶುರು ಮಾಡಿದ್ವು. ರಿಕ್ಟರ್ ಅಂಥದ್ದೊಂದು ಹೆಸರು. ಇಂಜಿನ್ ಕಡೆ ದೊಡ್ಡ ಸಿಲಿಂಡರ್ ಕೂರಿಸಿ 1000 ಸಿಸಿ ದಾಟಿಸಿದ್ರು. ಪಂಪ್ ಬದಲಾಯ್ತು, ಕೋಲು ಬದಲಾಯ್ತು, ಒಳಗೆ ನುಗ್ಗಿದ ನೀರು ಹೊರಹಾಕೋಕೆ ಚಿಕ್ಕ ಪಂಪ್‌ಗಳು ಬಂದ್ವು. ಕೊನೆಗೆ ಉಳಿದಿದ್ದು ಹೆಸರು, ಮತ್ತೆ ಮೂಲ ಕಲ್ಪನೆ. ತಾತನ ಕೊಡಲಿಗೆ ಮೂರು ಸಲ ಕಾವು, ಎರಡು ಸಲ ಅಲಗು ಬದಲಾಯಿಸಿದ ಹಾಗೆ.

ಹೀಗೆ 2000ದ ನಂತರದ ವರ್ಷಗಳಲ್ಲಿ ನಿಂತ ನೀರಿನ ಲಾಗ ಫ್ರೀಸ್ಟೈಲ್‌ನ ಕೇಂದ್ರವೇ ಆಗಿಹೋಯ್ತು. ಚಾಂಪಿಯನ್‌ಗಳೂ ಬೇರೆ ಬೇರೆ ದೇಶದಿಂದ ಬಂದ್ರು. ಬ್ರಿಟನ್ನಿನ ಲೀ ಸ್ಟೋನ್, ಸ್ಲೊವೇನಿಯಾದ ರೋಕ್ ಫ್ಲೋರ್ಯಾಂಚಿಚ್, ಯುಎಇಯ ರಶೀದ್ ಅಲ್ ಮುಲ್ಲಾ. ಅರಿಜೋನಾದ ಕೆರೆಯಲ್ಲಿ ಬೆಳೆದ ಆಟದಲ್ಲಿ ಕೊಲ್ಲಿ ದೇಶದ ಸವಾರನೂ ವಿಶ್ವ ಪ್ರಶಸ್ತಿ ಗೆದ್ದ.

ನೀರು ಮೆತ್ತಗಿರಲ್ಲ

ಹಾಗಾದ್ರೆ ಇದನ್ನ ಕಲಿಯೋದು ಹೇಗೆ? ಎಲ್ಲರೂ ಹತ್ತೋ ಮೆಟ್ಟಿಲು ಹೆಚ್ಚುಕಮ್ಮಿ ಒಂದೇ. ಮೊದಲು ನಿಲ್ಲೋದು, ತಿರುಗಿಸೋದು. ಜೆಟ್ ಸ್ಕೀಯಲ್ಲಿ ಥ್ರಾಟಲ್ ಬಿಟ್ರೆ ಹ್ಯಾಂಡಲ್ ಎಷ್ಟು ತಿರುಗಿಸಿದ್ರೂ ಅದು ತಿರುಗಲ್ಲ, ತಿರುಗಿಸೋದು ಉಗುಳೋ ನೀರೇ. ಗಾಬರಿಯಾದಾಗ ಥ್ರಾಟಲ್ ಬಿಡೋದು ಮನುಷ್ಯನ ಸಹಜ ಬುದ್ಧಿ, ಅದನ್ನ ಮೊದಲು ಮರೀಬೇಕು. ಆಮೇಲೆ ಮೂತಿ ಒತ್ತಿ ಅರ್ಧ ಸುತ್ತು ತಿರುಗೋದು. ಆಮೇಲೆ ಚಿಕ್ಕ ನೆಗೆತ. ಆಮೇಲೆ ಅಲೆಯ ಅಥವಾ ಬೇರೆ ದೋಣಿ ಎಬ್ಬಿಸಿದ ತೆರೆಯ ಸಹಾಯದಿಂದ ಪಕ್ಕಕ್ಕೆ ಉರುಳು. ಕೊನೆಗೆ ನಿಂತ ನೀರು.

ಉರುಳು ಶುರು ಮಾಡಿ ಅರ್ಧಕ್ಕೆ ಮನಸ್ಸು ಬದಲಾಯಿಸೋದೇ ಇದರಲ್ಲಿ ತುಂಬ ಅಪಾಯ. ಪೂರ್ತಿ ಸುತ್ತಿದ್ರೆ ಯಂತ್ರ ಕಾಲಡಿಗೆ ಬರುತ್ತೆ. ಅರ್ಧಕ್ಕೆ ನಿಂತ್ರೆ ಅದು ತಲೆಯ ಮೇಲಿರುತ್ತೆ. ಪಟ್ಟಿಯಲ್ಲಿ ಸಿಕ್ಕ ಪಾದ ಬಿಡಿಸಿಕೊಳ್ಳೋಷ್ಟರಲ್ಲಿ ಕಣಕಾಲು, ಮೊಣಕಾಲು ತಿರುಚಬಹುದು. ಹಿಂದಿನ ಕೊಳವೆಯ ನೇರಕ್ಕೆ ಬಿದ್ರೆ ಆ ನೀರಿನ ರಭಸಕ್ಕೆ ದೇಹದ ಒಳಗೇ ಗಂಭೀರ ಗಾಯ ಆಗುತ್ತೆ. ಯಂತ್ರದ ಮೇಲಿನ ಎಚ್ಚರಿಕೆ ಚೀಟಿಯಲ್ಲೇ ಇದನ್ನ ಬರೆದು, ದಪ್ಪ ರಬ್ಬರಿನ ವೆಟ್‌ಸೂಟ್ ಚಡ್ಡಿ ಹಾಕ್ಕೊಳ್ಳಿ ಅಂತಾರೆ. ತಲೆಕೆಳಗಾದ ಯಂತ್ರವನ್ನ ಮಗುಚೋಕೂ ಒಂದು ದಿಕ್ಕಿದೆ. ತಪ್ಪು ದಿಕ್ಕಿಗೆ ಮಗುಚಿದ್ರೆ ಸೈಲೆನ್ಸರ್ ದಾರಿಯಲ್ಲಿರೋ ನೀರು ಇಂಜಿನ್‌ಗೆ ಹೋಗುತ್ತೆ.

ಅಂದ್ರೆ ಜೇಕಬ್‌ಸನ್ ಲೆಕ್ಕ ಅರ್ಧ ಮಾತ್ರ ಸರಿ. ನೀರು ನೆಲಕ್ಕಿಂತ ಮೆತ್ತಗೆ, ನಿಜ. ಆದರೆ ಬಿದ್ದವನ ಮೇಲೆ ಬೀಳೋ ಯಂತ್ರ ಮೆತ್ತಗಿಲ್ಲ. ಬೀಳೋದು ಸುಲಭವಾದ ಕೂಡಲೇ ಮನುಷ್ಯ ಇನ್ನೂ ಎತ್ತರದಿಂದ ಬೀಳೋಕೆ ಹೊರಟ.

ಬಾಗಿಲು ಯಾರಿಗೆ ತೆರೆದಿದೆ?

2017ರಲ್ಲಿ ಕವಾಸಾಕಿ ನಿಂತು ಓಡಿಸೋ ಯಂತ್ರದೊಂದಿಗೆ ವಾಪಸ್ ಬಂತು. ಸುಮಾರು 1500 ಸಿಸಿಯ ಫೋರ್-ಸ್ಟ್ರೋಕ್, ತೂಕ 250 ಕಿಲೋ. ಯಮಹಾ 2021ರಲ್ಲಿ ಸೂಪರ್‌ಜೆಟ್‌ಗೂ ಫೋರ್-ಸ್ಟ್ರೋಕ್ ಹಾಕಿತು, ಅದೂ ಹಳೆಯದಕ್ಕಿಂತ ಭಾರ. ಹೊಗೆ ಕಮ್ಮಿ, ಬಾಳಿಕೆ ಹೆಚ್ಚು, ಒಳ್ಳೇದೇ. ಆದರೆ ನಿಂತ ನೀರಲ್ಲಿ ಲಾಗ ಹಾಕೋರ ಕೈಗೆ ಇವು ಸುಲಭಕ್ಕೆ ಒಗ್ಗಲ್ಲ. ಅವರು ಇವತ್ತಿಗೂ ಟೂ-ಸ್ಟ್ರೋಕ್, ಹಗುರ ಒಡಲುಗಳ ಲೋಕದಲ್ಲೇ ಇದ್ದಾರೆ.

ಇದರಲ್ಲಿ ನನಗೆ ಖುಷಿಯೂ ಇದೆ, ಒಂದು ಕೊರಗೂ ಇದೆ. ಖುಷಿ ಏನಂದ್ರೆ, ಮಾರುಕಟ್ಟೆ ಬೇಡ ಅಂದ ವಸ್ತು ಪ್ರೀತಿಸೋರ ಕೈಗೆ ಸಿಕ್ಕಾಗ, ಮಾಡಿದವರೇ ಊಹಿಸದ ಎತ್ತರಕ್ಕೆ ಹೋಯ್ತು. ಲಾಭದ ಲೆಕ್ಕ ಹಾಕೋನು ಒಂದು ಯಂತ್ರದ ಆಯಸ್ಸು ನಿರ್ಧಾರ ಮಾಡಬಹುದು, ಅದರಿಂದ ಏನೇನು ಸಾಧ್ಯ ಅಂತ ನಿರ್ಧಾರ ಮಾಡೋಕೆ ಆಗಲ್ಲ. ಕೊರಗು ಇದು: 1980ರ ದಶಕದಲ್ಲಿ ಅಂಗಡಿಯಿಂದ ತಂದ ಕವಾಸಾಕಿ ಇಟ್ಕೊಂಡು ಒಬ್ಬ ಸಾಮಾನ್ಯ ಹುಡುಗ ಸ್ಪರ್ಧೆಗೆ ಇಳಿಯೋ ಆಸೆ ಪಡಬಹುದಿತ್ತು. ಈಗ ಬಿಡಿಬಿಡಿಯಾಗಿ ಕಟ್ಟಿಸಿದ, ಮೂಲ ಯಂತ್ರಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಯಂತ್ರ ಬೇಕು. ಆಟ ಎತ್ತರಕ್ಕೆ ಹೋದಷ್ಟೂ ಬಾಗಿಲು ಕಿರಿದಾಯ್ತು.

ಮುಂದಿನ ಸಲ ಬೀಚಲ್ಲಿ ಸೀಟ್ ಇರೋ ಜೆಟ್ ಸ್ಕೀ ಹತ್ತಿದಾಗ, ಥ್ರಾಟಲ್ ಹಿಡಿದ ಹುಡುಗನ ಬೆನ್ನ ಹಿಂದೆ ಆರಾಮಾಗಿ ಕೂತಾಗ, ಒಂದು ಕ್ಷಣ ನೆನಪಿಸ್ಕೊಳ್ಳಿ: ಈ ಯಂತ್ರದ ಅಣ್ಣನಿಗೆ ಸೀಟ್ ಇರಲಿಲ್ಲ, ಅದಕ್ಕೇ ಅವನು ಹಾರೋದು ಕಲಿತ.